ಇನ್ನೊಂದು ವರ್ಷ ಇರಲಿ

ಹೊಸ ವರ್ಷದ ಡೈರಿ ನಮ್ಮ ಕೈಸೇರಿದೆ. ಸಹಕಾರಿ ಬ್ಯಾಂಕಿನವರು ಕೊಟ್ಟದ್ದು. ಅದನ್ನು ಮೇಜಿನ ಮೇಲಿಟ್ಟು, ಹಳೆಯದನ್ನು ಕಪಾಟಿಗೆ ಸೇರಿಸುವ ಮೊದಲು ಒಮ್ಮೆ ತೆರೆದು ನೋಡಿದೆವು. ಜನವರಿ ಒಂದರ ಪುಟದಲ್ಲಿ ಅಂದವಾದ ಅಕ್ಷರಗಳಲ್ಲಿ ಏಳು ನಿರ್ಧಾರಗಳು. ಬೆಳಿಗ್ಗೆ ಐದಕ್ಕೆ ಏಳುವುದು, ದಿನಕ್ಕೊಂದು ಅಧ್ಯಾಯ ಬೈಬಲ್ ಓದುವುದು, ಸಿಟ್ಟು ಮಾಡದಿರುವುದು, ಸಾಲ ಮಾಡದಿರುವುದು, ಹೀಗೆ. ಒಂಬತ್ತನೆಯ ತಾರೀಕಿನ ತನಕ ದಿನಕ್ಕೆ ಒಂದೆರಡು ಸಾಲುಗಳಿವೆ. ಆಮೇಲೆ ಪುಟಗಳು ಖಾಲಿ. ಫೆಬ್ರವರಿಯಿಂದ ಹಾಲಿನ ಲೆಕ್ಕ, ಬೇರೆ ಕೈಬರಹದಲ್ಲಿ. ನಮ್ಮ ಮನೆಯಾಕೆಯ ಆ ಲೆಕ್ಕ ಡಿಸೆಂಬರ್ ಮೂವತ್ತೊಂದರ ವರೆಗೆ ಒಂದು ದಿನವೂ ತಪ್ಪಿಲ್ಲ.

ಇದು ನಮ್ಮೊಬ್ಬರ ಕಥೆಯೆಂದು ನಾವು ನಂಬುವುದಿಲ್ಲ. ಓದುಗ ಮಿತ್ರರು ತಮ್ಮ ತಮ್ಮ ಡೈರಿಗಳನ್ನು ತೆರೆದರೆ ಅಲ್ಲಿಯೂ ಇಂಥ ಹಾಲಿನ ಲೆಕ್ಕ, ಕೂಲಿಯಾಳುಗಳ ಲೆಕ್ಕ ಸಿಕ್ಕೀತು. ವರ್ಷಾರಂಭದಲ್ಲಿ ಒಳ್ಳೆಯವರಾಗಬೇಕೆಂಬ ಆಸೆ ಎಲ್ಲರಿಗೂ ಹುಟ್ಟುತ್ತದೆ. ಅದು ಎರಡನೆಯ ವಾರ ದಾಟುವುದಿಲ್ಲವೇಕೆ? ನಾವು ಕ್ರೈಸ್ತರು, ನಮ್ಮ ಧರ್ಮದ ಹಿರಿಯರು ಈ ಪ್ರಶ್ನೆಗೆ ಏನು ಹೇಳಿದ್ದಾರೆಂದು ಈ ಸಲ ಸ್ವಲ್ಪ ಯೋಚಿಸಿದೆವು. ಅದನ್ನು ಇಲ್ಲಿ ಹಂಚಿಕೊಳ್ಳುತ್ತೇವೆ. ಓದುಗರಲ್ಲಿ ಹೆಚ್ಚಿನವರು ಬೇರೆ ಮತಗಳವರೆಂಬುದು ಗೊತ್ತು. ಆದರೆ ತಿದ್ದಿಕೊಳ್ಳಬೇಕಾದ ತಪ್ಪುಗಳು ಎಲ್ಲ ಮತದವರಲ್ಲೂ ಒಂದೇ ತೆರನಾಗಿರುವುದರಿಂದ ಅವರಿಗೂ ಇದು ಅನ್ಯವೆನಿಸದು.

ಮೊದಲು ಒಂದು ತಪ್ಪು ಕಲ್ಪನೆ. ಜನವರಿ ಒಂದು ಕ್ರೈಸ್ತರ ಹೊಸ ವರ್ಷ ಎಂದು ಹಲವರು ತಿಳಿದಿದ್ದಾರೆ. ಅದು ರೋಮನರ ಹೊಸ ವರ್ಷ. ಜೂಲಿಯಸ್ ಸೀಸರನು ಕ್ರಿ.ಪೂ. 45ರಲ್ಲಿ ಜಾರಿಗೆ ತಂದ ಪಂಚಾಂಗದಲ್ಲಿ ಈ ದಿನ ವರ್ಷಾರಂಭವಾಗಿತ್ತು; ಆಗ ಯೇಸುಸ್ವಾಮಿ ಹುಟ್ಟಿಯೇ ಇರಲಿಲ್ಲ. ಮುಂದೆ ಕ್ರೈಸ್ತ ದೇಶಗಳು ಬಹುಕಾಲ ಬೇರೆ ಬೇರೆ ದಿನಗಳಿಂದ ವರ್ಷ ಎಣಿಸಿದವು. ಇಂಗ್ಲೆಂಡಿನಲ್ಲಿ ಕಾನೂನಿನ ವರ್ಷ ಮಾರ್ಚ್ 25ರಂದು ಆರಂಭವಾಗುತ್ತಿದ್ದು, ಜನವರಿ ಒಂದಕ್ಕೆ ಬದಲಾದದ್ದು 1752ರಲ್ಲಿ. ಧರ್ಮಸಭೆಯ ಆರಾಧನಾ ವರ್ಷವಂತೂ ಇಂದಿಗೂ ಕ್ರಿಸ್ಮಸ್ಸಿಗೆ ನಾಲ್ಕು ಭಾನುವಾರ ಮೊದಲೇ ಆರಂಭವಾಗುತ್ತದೆ. ನಮ್ಮ ಜಿಲ್ಲೆಯಲ್ಲಿಯೂ ಹೊಸ ವರ್ಷಗಳಿಗೆ ಬರವಿಲ್ಲ. ಯುಗಾದಿಯುಂಟು, ಬಿಸುವುಂಟು, ಚಿಂಗಂ ಒಂದುಂಟು. ಮೇಷ್ಟ್ರುಗಳಾದ ನಮಗೆ ಜೂನ್ ತಿಂಗಳೂ ಉಂಟು.

ಆದರೆ ಕ್ರೈಸ್ತರಿಗೆ ಜನವರಿ ಒಂದು ಬೇರೊಂದು ಕಾರಣಕ್ಕೆ ಮುಖ್ಯ. ಕ್ರಿಸ್ಮಸ್ಸಿನಿಂದ ಎಣಿಸಿದರೆ ಅದು ಎಂಟನೆಯ ದಿನ. ಯೆಹೂದ್ಯರ ಪದ್ಧತಿಯಂತೆ ಎಂಟನೆಯ ದಿನ ಮಗುವಿಗೆ ಯೇಸು ಎಂದು ಹೆಸರಿಟ್ಟರೆಂದು ಲೂಕನು ಬರೆದಿದ್ದಾನೆ. ಮಗುವನ್ನು ಹೆಸರು ಹಿಡಿದು ಕರೆದ ದಿನ ಅದು. ಈ ಹೆಸರಿನ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ನಮಗೆ ಅದರ ಕೆಲಸವಿದೆ.

ವರ್ಷ ಎಂಬ ಅವಧಿಯ ಬಗ್ಗೆ ಯೇಸು ಹೇಳಿದ ಸಾಮತಿಯೊಂದು ಅದೇ ಲೂಕನ ಗ್ರಂಥದಲ್ಲಿದೆ. ಒಬ್ಬನ ದ್ರಾಕ್ಷಿತೋಟದಲ್ಲಿ ಒಂದು ಅಂಜೂರದ ಮರ. ಯಜಮಾನ ಮೂರು ವರ್ಷ ಬಂದು ನೋಡಿದ, ಒಂದು ಹಣ್ಣೂ ಇಲ್ಲ. ನೆಲದ ಸಾರವನ್ನು ಸುಮ್ಮನೆ ಹೀರುತ್ತಿದೆ, ಕಡಿದು ಹಾಕು ಎಂದು ತೋಟದವನಿಗೆ ಹೇಳಿದ. ತೋಟದವನು ಅಡ್ಡ ಬಂದ. ಈ ಒಂದು ವರ್ಷ ಇರಲಿ, ಬುಡ ಅಗೆದು ಗೊಬ್ಬರ ಹಾಕಿ ನೋಡುತ್ತೇನೆ, ಫಲ ಬಂದರೆ ಸರಿ, ಇಲ್ಲವಾದರೆ ಆಮೇಲೆ ಕಡಿಸೋಣ ಎಂದು ಕೇಳಿಕೊಂಡ. ಸಾಮತಿ ಅಲ್ಲಿಗೇ ನಿಲ್ಲುತ್ತದೆ. ಮರ ಫಲ ಬಿಟ್ಟಿತೇ ಇಲ್ಲವೇ ಎಂದು ಯೇಸು ಹೇಳಲಿಲ್ಲ.

ಅಡಿಕೆ ತೆಂಗುಗಳ ನಡುವೆ ಬದುಕುವ ನಮಗೆ ಈ ಕಥೆಗೆ ವ್ಯಾಖ್ಯಾನ ಬೇಕಾಗಿಲ್ಲ. ಫಸಲು ಕಡಿಮೆಯಾದ ತೆಂಗಿನ ಮರವನ್ನು ಯಾರೂ ಮೇಲೆ ಹತ್ತಿ ಬೈಯುವುದಿಲ್ಲ. ಬುಡ ಬಿಡಿಸುತ್ತಾರೆ, ಸೊಪ್ಪು, ಬೂದಿ, ಹಟ್ಟಿಗೊಬ್ಬರ ಹಾಕುತ್ತಾರೆ, ಮಣ್ಣು ಮುಚ್ಚುತ್ತಾರೆ, ಕಾಯುತ್ತಾರೆ. ಬುಡ ಬಿಡಿಸದೆ ಗೊಬ್ಬರ ಚೆಲ್ಲಿದರೆ ಮಳೆಗೆ ತೊಳೆದು ಹೋಗುತ್ತದೆಂದು ತೋಟದ ಕೆಲಸ ಬಲ್ಲ ಎಲ್ಲರಿಗೂ ಗೊತ್ತು.

ಈ ಸಾಮತಿಯಿಂದ ನಾವು ಕಲಿತದ್ದು ಮೂರು ಮಾತು. ಒಂದು: ಹೊಸ ವರ್ಷ ನಾವು ಸಂಪಾದಿಸಿದ್ದಲ್ಲ. ನಮ್ಮ ಪರವಾಗಿ ಯಾರೋ ಬೇಡಿಕೊಂಡು ಪಡೆದ ಅವಧಿ ಅದು. ಹೋದ ವರ್ಷ ನಮ್ಮ ಜೊತೆಗಿದ್ದವರಲ್ಲಿ ಎಷ್ಟು ಮಂದಿಗೆ ಈ ವರ್ಷ ಸಿಗಲಿಲ್ಲವೆಂದು ನೆನೆದರೆ ಇದು ತಿಳಿಯುತ್ತದೆ. ಎರಡು: ಬೆಳವಣಿಗೆಯ ಕೆಲಸ ಬುಡದಲ್ಲಿ. ನಮ್ಮ ಡೈರಿಯ ನಿರ್ಧಾರಗಳೆಲ್ಲ ಎಲೆಗಳ ಮೇಲೆ ನೀರು ಚಿಮುಕಿಸಿದಂತೆ ಇದ್ದವು. ಅಗೆಯುವಾಗ ಬೇರಿಗೆ ಪೆಟ್ಟಾಗುತ್ತದೆ, ಅಷ್ಟು ದಿನ ಮುಚ್ಚಿಟ್ಟದ್ದು ಮೇಲೆ ಬರುತ್ತದೆ. ಅದಕ್ಕೆ ನಾವು ಹೆದರುತ್ತೇವೆ. ಮೂರು: ಅಂಜೂರದ ಮರ ತನ್ನ ಹಣ್ಣನ್ನು ತಾನು ತಿನ್ನುವುದಿಲ್ಲ. ನಾವು ಬೆಳೆದೆವೋ ಇಲ್ಲವೋ ಎಂಬುದನ್ನು ನಾವೇ ಹೇಳಿಕೊಂಡರೆ ಸಾಲದು. ನಮ್ಮ ನೆರಳಿಗೆ ಬಂದವರು ಹೇಳಬೇಕು.

ಮೂರನೆಯ ಮಾತನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಚರಿತ್ರೆಯಲ್ಲಿ ಒಂದು ಉದಾಹರಣೆಯಿದೆ. ಅಮೆರಿಕದ ನ್ಯೂ ಇಂಗ್ಲೆಂಡಿನಲ್ಲಿ ಜೋನಾಥನ್ ಎಡ್ವರ್ಡ್ಸ್ ಎಂಬ ಪ್ರಸಿದ್ಧ ಬೋಧಕ ಇದ್ದ. 1722 ಮತ್ತು 1723ರಲ್ಲಿ, ಇಪ್ಪತ್ತು ತುಂಬುವ ಮೊದಲೇ, ಆತ ತನಗಾಗಿ ಎಪ್ಪತ್ತು ನಿರ್ಧಾರಗಳನ್ನು ಬರೆದುಕೊಂಡ. ದೇವರ ನೆರವಿಲ್ಲದೆ ತನ್ನಿಂದ ಏನೂ ಆಗದೆಂದು ಮೊದಲೇ ಒಪ್ಪಿಕೊಂಡು, ವಾರಕ್ಕೊಮ್ಮೆ ಇವನ್ನು ಓದಬೇಕೆಂದು ತನಗೇ ಕಟ್ಟಳೆ ಹಾಕಿಕೊಂಡ. ಸಮಯ ಹಾಳುಮಾಡಬಾರದು, ಸೇಡು ತೀರಿಸಿಕೊಳ್ಳಬಾರದು, ಸಾಯುವ ಗಳಿಗೆಯಲ್ಲಿ ಹೇಗೆ ಬದುಕಿದ್ದರೆ ಚೆನ್ನಾಗಿತ್ತು ಅನ್ನಿಸುವುದೋ ಹಾಗೆ ಬದುಕಬೇಕು, ಇಂಥವು. ಪ್ರೊಟೆಸ್ಟಂಟ್ ಕ್ರೈಸ್ತರು ಇಂದಿಗೂ ಹೊಸ ವರ್ಷದ ಹೊತ್ತಿಗೆ ಇವನ್ನು ನೆನೆಯುತ್ತಾರೆ. ನೆನೆಯಬೇಕಾದವೇ ಸರಿ.

ಆದರೆ ಅದೇ ಎಡ್ವರ್ಡ್ಸ್ 1731ರಲ್ಲಿ ನ್ಯೂಪೋರ್ಟ್ ಬಂದರಿಗೆ ಹೋಗಿ ವೀನಸ್ ಎಂಬ ಆಫ್ರಿಕದ ಹುಡುಗಿಯನ್ನು ದುಡ್ಡು ಕೊಟ್ಟು ದಾಸಿಯಾಗಿ ಕೊಂಡು ತಂದ. ಎಪ್ಪತ್ತು ನಿರ್ಧಾರಗಳಲ್ಲಿ ಒಂದೂ ಅವನನ್ನು ತಡೆಯಲಿಲ್ಲ. ಆತ ಕಪಟಿಯಾಗಿರಲಿಲ್ಲ. ತನ್ನನ್ನು ತಾನು ಅಷ್ಟು ಕಟ್ಟುನಿಟ್ಟಾಗಿ ಪರೀಕ್ಷಿಸಿಕೊಂಡವರು ಕಡಿಮೆ. ಆದರೆ ಪರೀಕ್ಷಕನೂ ಅವನೇ, ಪ್ರಶ್ನೆಪತ್ರಿಕೆಯೂ ಅವನದೇ. ಆ ಹುಡುಗಿ ಪ್ರಶ್ನೆಪತ್ರಿಕೆ ಮಾಡಿದ್ದರೆ ಮೊದಲ ಪ್ರಶ್ನೆ ಯಾವುದಾಗುತ್ತಿತ್ತೆಂದು ಹೇಳಬೇಕಾಗಿಲ್ಲ. ತಂದೆಗೆ ಕಾಣದ್ದು ಮಗನಿಗೆ ಕಂಡಿತು; ಅದೇ ಹೆಸರಿನ ಮಗ 1791ರಲ್ಲಿ ಗುಲಾಮರ ವ್ಯಾಪಾರವನ್ನು ಖಂಡಿಸಿ ಬೋಧನೆ ಮಾಡಿದ. ಸ್ವಂತ ಪಟ್ಟಿ ಎಷ್ಟು ಉದ್ದವಾಗಿದ್ದರೂ ನಮ್ಮ ಕಣ್ಣಿಗೆ ಕಾಣದ ತಪ್ಪು ಅದರಲ್ಲಿ ಬರುವುದೇ ಇಲ್ಲ ಎಂಬುದು ಇದರ ಪಾಠ.

ಇಲ್ಲಿ ಓದುಗರ ಕ್ಷಮೆ ಕೇಳಿ ನಮ್ಮದೇ ಒಂದು ವಿಷಯ ಹೇಳುತ್ತೇವೆ.

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಟಿ.ಸಿ.ಎಚ್. ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ಕನ್ನಡದ ಶುದ್ಧಿಯ ಬಗ್ಗೆ ನಮಗೆ ಬಹಳ ಅಭಿಮಾನ. ನಮ್ಮ ತರಗತಿಯಲ್ಲಿ ಮನೆಯಲ್ಲಿ ಮಲಯಾಳ ಮಾತನಾಡುವ ಒಬ್ಬ ಹುಡುಗನಿದ್ದ. ಒಂದು ದಿನ ಅವನು ರಜೆಯ ಚೀಟಿ ತಂದ. ಪನಿ ಬಂದ ಕಾರಣ ನಿನ್ನೆ ಶಾಲೆಗೆ ಬರಲಿಲ್ಲ ಎಂದು ಬರೆದಿದ್ದ. ಮಲಯಾಳದಲ್ಲಿ ಪನಿ ಎಂದರೆ ಜ್ವರ. ಈ ಜಿಲ್ಲೆಯಲ್ಲಿ ಹುಟ್ಟಿ ಬೆಳೆದ ನಮಗೆ ಅದು ಗೊತ್ತಿಲ್ಲದೆ ಇಲ್ಲ. ಆದರೆ ಹಳಗನ್ನಡದಲ್ಲಿ ಪನಿ ಎಂದರೆ ಹನಿ. ನಾವು ಚೀಟಿಯನ್ನು ತರಗತಿಗೆ ಕೇಳುವಂತೆ ಓದಿ, ಒಂದು ಹನಿ ಬಿದ್ದದ್ದಕ್ಕೆ ಶಾಲೆಗೆ ರಜೆಯೋ ಎಂದೆವು. ತರಗತಿಯೆಲ್ಲ ನಕ್ಕಿತು. ನಮ್ಮ ಪಾಂಡಿತ್ಯಕ್ಕೆ ನಾವೇ ಸಂತೋಷಪಟ್ಟೆವು. ಅಂದಿನಿಂದ ಅವನಿಗೆ ಪನಿ ಎಂಬುದೇ ಹೆಸರಾಯಿತು.

ಕಳೆದ ಅಕ್ಟೋಬರದಲ್ಲಿ ನಲ್ಲಿಯ ಸಾಮಾನು ಕೊಳ್ಳಲು ಪೇಟೆಯ ಅಂಗಡಿಯೊಂದಕ್ಕೆ ಹೋಗಿದ್ದೆವು. ಸಾಮಾನು ಕಟ್ಟಿಕೊಡುತ್ತಿದ್ದವನು ನಮ್ಮನ್ನು ಗುರುತಿಸಿದ.

"ಮಾಷ್ಟ್ರೇ, ನನ್ನ ಹೆಸರು ನೆನಪುಂಟಾ?"

ಮುಖ ನೆನಪಾಯಿತು. ಹೆಸರು ನೆನಪಾಗಲಿಲ್ಲ. ಬಾಯಿಗೆ ಬಂದದ್ದು ಆ ಅಡ್ಡಹೆಸರು ಮಾತ್ರ. ಅದನ್ನು ಹೇಳದೆ ನುಂಗಿಕೊಂಡೆವು. ಅವನಿಗೆ ಅರ್ಥವಾಗಿರಬೇಕು. ನಗುತ್ತಲೇ ಹೇಳಿದ, "ಈಗಲೂ ಕನ್ನಡದಲ್ಲಿ ಒಂದು ಅರ್ಜಿ ಬರೆಯಲಿಕ್ಕೆ ನನಗೆ ಧೈರ್ಯ ಇಲ್ಲ ಮಾಷ್ಟ್ರೇ. ಬೇರೆಯವರ ಹತ್ತಿರ ಬರೆಸುವುದು."

ಮನೆಗೆ ಬರುವವರೆಗೂ ಆ ಮಾತು ನಮ್ಮನ್ನು ಬಿಡಲಿಲ್ಲ. ಗಡಿನಾಡಿನ ಕನ್ನಡಿಗರಾದ ನಾವು ವರ್ಷವಿಡೀ ಏನು ಹೇಳುತ್ತೇವೆ? ಕಚೇರಿಗಳಲ್ಲಿ ಕನ್ನಡದ ಅರ್ಜಿಗೆ ಬೆಲೆಯಿಲ್ಲ, ಫಾರ್ಮುಗಳು ಕನ್ನಡದಲ್ಲಿ ಸಿಗುವುದಿಲ್ಲ, ಕನ್ನಡ ಮಾಧ್ಯಮಕ್ಕೆ ಮಕ್ಕಳು ಬರುತ್ತಿಲ್ಲ. ಈ ದೂರುಗಳಲ್ಲಿ ನಿಜವಿದೆ. ಸಭೆಗಳಲ್ಲಿ ನಾವೂ ಇದನ್ನು ಹೇಳಿದ್ದೇವೆ. ಆದರೆ ಕನ್ನಡ ಬರೆಯಲು ತಾನಾಗಿ ಬಂದ ಒಂದು ಮಗುವಿನ ಕೈಯಿಂದ ಲೇಖನಿ ಕಿತ್ತುಕೊಂಡವರು ಯಾವ ಸರಕಾರದವರೂ ಅಲ್ಲ. ನಾವು. ನಮ್ಮ ಡೈರಿಗಳಲ್ಲಿ ಇಪ್ಪತ್ತು ವರ್ಷ ನಿರ್ಧಾರಗಳನ್ನು ಬರೆದೆವು. ಸಿಟ್ಟಿನ ಬಗ್ಗೆ ಬರೆದೆವು, ನಿದ್ದೆಯ ಬಗ್ಗೆ ಬರೆದೆವು. ಇನ್ನೊಬ್ಬರನ್ನು ನಗೆಗೀಡು ಮಾಡುವುದು ನಮ್ಮ ತಪ್ಪೆಂದು ಒಮ್ಮೆಯೂ ಬರೆಯಲಿಲ್ಲ. ಅದನ್ನು ನಾವು ಹಾಸ್ಯಪ್ರಜ್ಞೆಯೆಂದು ತಿಳಿದಿದ್ದೆವು.

ಹೊಸ ವರ್ಷದ ಬೋಧನೆಗಳಲ್ಲಿ ಹಿಂದಿನದನ್ನು ಮರೆತು ಮುಂದಕ್ಕೆ ನಡೆಯಬೇಕೆಂಬ ಸಂತ ಪೌಲರ ಮಾತು ಆಗಾಗ ಕೇಳಿಬರುತ್ತದೆ. ಫಿಲಿಪ್ಪಿಯವರಿಗೆ ಬರೆದ ಪತ್ರದ ಮಾತು ಅದು. ಆದರೆ ಅದರ ಮೇಲಿನ ಸಾಲುಗಳನ್ನೂ ಓದಬೇಕು. ಅಲ್ಲಿ ಪೌಲರು ತಮ್ಮ ಕುಲ, ತಮ್ಮ ಗೋತ್ರ, ಧರ್ಮಶಾಸ್ತ್ರದಲ್ಲಿ ತಮಗಿದ್ದ ನಿಷ್ಠೆ ಇವುಗಳನ್ನೆಲ್ಲ ಹೆಸರಿಸಿ, ಲಾಭವೆಂದುಕೊಂಡಿದ್ದ ಇವನ್ನು ನಷ್ಟವೆಂದು ಎಣಿಸಿದೆ ಎನ್ನುತ್ತಾರೆ. ಬಿಟ್ಟುಬಂದದ್ದು ಹೆಮ್ಮೆಯ ಸರ್ಟಿಫಿಕೇಟುಗಳನ್ನು. ಬೇರೆಯವರಿಗೆ ಮಾಡಿದ ಹಿಂಸೆಯನ್ನು ಅವರು ಮರೆಯಲಿಲ್ಲ. ಕೊರಿಂಥದವರಿಗೆ ಬರೆದ ಪತ್ರದಲ್ಲಿ, ಕ್ರೈಸ್ತ ಸಭೆಯನ್ನು ಪೀಡಿಸಿದವನಾದ್ದರಿಂದ ಪ್ರೇಷಿತನೆನಿಸಿಕೊಳ್ಳಲು ತಾನು ಅಯೋಗ್ಯನೆಂದು ಸ್ಪಷ್ಟವಾಗಿ ಹೇಳಿಕೊಂಡಿದ್ದಾರೆ. ಸುಂಕದವನಾದ ಜಕ್ಕಾಯನ ಕಥೆಯೂ ಹೀಗೆಯೇ. ಯೇಸು ಅವನ ಮನೆಗೆ ಬಂದ ದಿನ ಅವನು ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುವೆನೆಂದ. ಮರೆಯುವ ಹಕ್ಕು ಪೆಟ್ಟು ತಿಂದವನದು, ಕೊಟ್ಟವನದಲ್ಲ.

ಮತ್ತಾಯನ ಗ್ರಂಥದಲ್ಲಿ ಇದಕ್ಕಿಂತ ಕಠಿಣವಾದ ಉಪದೇಶವಿದೆ. ಕಾಣಿಕೆಯೊಡನೆ ಬಲಿಪೀಠದ ಬಳಿಗೆ ಬಂದಾಗ ಯಾರಿಗೋ ನಿನ್ನ ಮೇಲೆ ಮನಸ್ತಾಪ ಇದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವನೊಂದಿಗೆ ಸಂಧಾನ ಮಾಡಿಕೋ ಎಂದು ಯೇಸು ಹೇಳುತ್ತಾರೆ. ನೋಡಿ, ನಿನಗೆ ಅವನ ಮೇಲೆ ಕೋಪವಿದ್ದರೆ ಎಂದಲ್ಲ. ಅವನಿಗೆ ನಿನ್ನ ಮೇಲೆ ಇದ್ದರೆ. ಪ್ರತಿ ಭಾನುವಾರ ಇಗರ್ಜಿಗೆ ಹೋಗುವ ನಾವು ಆ ಅಂಗಡಿಯ ಮುಂದಿನಿಂದಲೇ ಹೋಗುತ್ತೇವೆ. ಅಕ್ಟೋಬರದಿಂದ ಡಿಸೆಂಬರದ ವರೆಗೆ ಹೀಗೆ ಎಷ್ಟೋ ಸಲ ಹೋದೆವು, ಒಳಗೆ ಕಾಲಿಡಲಿಲ್ಲ. ಕಾಲಿಡಲು ಮೊದಲು ಶಾಲೆಯ ಹಳೆಯ ದಾಖಲಾತಿ ಪುಸ್ತಕದಲ್ಲಿ ಅವನ ಹೆಸರು ಹುಡುಕಿದೆವು. ತಂದೆ ತಾಯಿ ಇಟ್ಟ ಒಳ್ಳೆಯ ಹೆಸರು. ಅವನ ಒಪ್ಪಿಗೆ ಕೇಳದ ಕಾರಣ ಇಲ್ಲಿ ಬರೆಯುವುದಿಲ್ಲ.

ಕ್ರಿಸ್ಮಸ್ ಕಳೆದು ಎರಡು ದಿನಕ್ಕೆ ಹೋದೆವು. ಹೆಸರು ಹಿಡಿದು ಕರೆದೆವು. ಹೇಳಬೇಕಾದದ್ದನ್ನು ಹೇಳಿದೆವು, ನಾಲ್ಕು ವಾಕ್ಯ ಆದೀತು. "ಅದೆಲ್ಲ ಈಗ ಯಾಕೆ ಮಾಷ್ಟ್ರೇ" ಎಂದ. ಮೊಳೆಗಳನ್ನು ತೂಗುತ್ತಿದ್ದವನು ತಲೆಯೆತ್ತಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಚಾ ತರಿಸಿದ. ಮಗಳಿಗೆ ಐದು ತುಂಬುತ್ತದೆ, ಜೂನಿನಲ್ಲಿ ಒಂದನೆಯ ತರಗತಿ ಎಂದ. ಯಾವ ಮಾಧ್ಯಮ ಎಂದು ಕೇಳಬೇಕೆನಿಸಿತು. ಅವನೇ ಹೇಳಿದ, ಇನ್ನೂ ಯೋಚಿಸಿಲ್ಲ ಎಂದು. ನಾವು ಕನ್ನಡದ ಪರವಾಗಿ ಒಂದು ಮಾತನ್ನೂ ಆಡಲಿಲ್ಲ. ಆಡುವ ಅಧಿಕಾರ ಆ ದಿನ ನಮಗಿರಲಿಲ್ಲ. ಅವನು ಕ್ಷಮಿಸಿದನೋ ಇಲ್ಲವೋ ನಮಗೆ ತಿಳಿಯದು. ಅಂಜೂರದ ಮರದ ಕಥೆಯಂತೆ ಇದೂ ಅಲ್ಲಿಗೇ ನಿಂತಿದೆ.

ಹಾಗಾದರೆ ಈ ವರ್ಷ ಮಾಡಬೇಕಾದದ್ದೇನು? ಇದಕ್ಕೆ ಸಂತ ಇಗ್ನೇಷಿಯಸ್ ಲೊಯೋಲಾ ಹೇಳಿಕೊಟ್ಟ ಒಂದು ಉಪಾಯ ನಮಗೆ ಹಿಡಿಸಿದೆ. ಆತ ಮೊದಲು ಸಿಪಾಯಿ. 1521ರಲ್ಲಿ ಪಾಂಪ್ಲೋನಾದ ಕಾಳಗದಲ್ಲಿ ಫಿರಂಗಿಯ ಗುಂಡು ತಗಲಿ ಕಾಲು ಮುರಿದು, ಹಾಸಿಗೆ ಹಿಡಿದಿದ್ದಾಗ ಮನಸ್ಸು ತಿರುಗಿದವರು. ಅವರು ಸ್ಥಾಪಿಸಿದ ಯೇಸುಸಭೆಯ ಗುರುಗಳೇ 1878ರ ಕೊನೆಗೆ ಮಂಗಳೂರಿಗೆ ಬಂದು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದರು. ನಮ್ಮ ಕಾಸರಗೋಡಿನ ಎಷ್ಟೋ ಹಿರಿಯರು ಅಲ್ಲಿ ಓದಿದವರು. ಇಗ್ನೇಷಿಯಸರ ಆಧ್ಯಾತ್ಮಿಕ ಸಾಧನೆಯ ಕೈಪಿಡಿಗೆ 1548ರಲ್ಲಿ ಪೋಪರ ಒಪ್ಪಿಗೆ ದೊರೆಯಿತು. ಅದರಲ್ಲಿ ಆತ್ಮಪರೀಕ್ಷೆಯ ಒಂದು ವಿಧಾನವಿದೆ. ಎಲ್ಲ ತಪ್ಪುಗಳನ್ನು ಒಟ್ಟಿಗೆ ಹಿಡಿಯಬಾರದು, ಒಂದನ್ನು ಮಾತ್ರ ಆರಿಸಬೇಕು. ಬೆಳಿಗ್ಗೆ ಎದ್ದಾಗ ಅದನ್ನು ನೆನೆಯಬೇಕು. ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ಗಂಟೆ ಗಂಟೆಯ ಲೆಕ್ಕ ನೋಡಬೇಕು. ಪುಸ್ತಕದಲ್ಲಿ ದಿನಕ್ಕೆ ಎರಡು ಗೆರೆ ಎಳೆದು, ಎಡವಿದಷ್ಟು ಸಲ ಚುಕ್ಕೆ ಇಡಬೇಕು. ಇಂದಿನ ಚುಕ್ಕೆಗಳನ್ನು ನಿನ್ನೆಯದಕ್ಕೆ, ಈ ವಾರದ್ದನ್ನು ಹಿಂದಿನ ವಾರಕ್ಕೆ ಹೋಲಿಸಿ ನೋಡಬೇಕು. ಬೇರೆಯವರ ಜೊತೆ ಹೋಲಿಕೆ ಇಲ್ಲ.

ಇದು ಯಾವ ಮೇಷ್ಟ್ರಿಗೂ ಪರಿಚಯದ ಕ್ರಮ. ಮಗುವಿನ ನೋಟುಪುಸ್ತಕವಿಡೀ ಕೆಂಪು ಶಾಯಿ ಸುರಿದರೆ ಮಗು ಬರೆಯುವುದನ್ನೇ ಬಿಡುತ್ತದೆ, ಒಂದು ಸಲಕ್ಕೆ ಒಂದು ಬಗೆಯ ತಪ್ಪನ್ನು ತಿದ್ದಿರಿ ಎಂದು ಟಿ.ಸಿ.ಎಚ್. ತರಬೇತಿಯಲ್ಲಿ ನಮಗೂ ಹೇಳಿಕೊಟ್ಟಿದ್ದರು. ಮಕ್ಕಳಿಗೆ ಅನ್ವಯಿಸಲು ಮರೆತೆವು, ನಮಗೆ ಅನ್ವಯಿಸಿಕೊಳ್ಳಲೂ ಮರೆತೆವು. ಏಳು ನಿರ್ಧಾರ ಬರೆದು ಒಂಬತ್ತು ದಿನದಲ್ಲಿ ಸೋತದ್ದು ಅದಕ್ಕೇ.

ಈ ಉಪಾಯಕ್ಕೆ ನಮ್ಮ ಅನುಭವದಿಂದ ಎರಡು ಮಾತು ಸೇರಿಸುತ್ತೇವೆ. ತಪ್ಪು ಯಾವುದೆಂದು ನಾವೇ ಆರಿಸಬಾರದು. ನಮ್ಮೊಡನೆ ಬದುಕುವ ಒಬ್ಬರನ್ನು ಕೇಳಬೇಕು. ಹೆಂಡತಿಯನ್ನೋ ಗಂಡನನ್ನೋ ಮಗನನ್ನೋ ಸೊಸೆಯನ್ನೋ ಕೇಳಿ, ಉತ್ತರ ಬಂದ ಮೇಲೆ ವಾದ ಮಾಡದಿರಬೇಕು. ನಮ್ಮ ಮನೆಯಲ್ಲಿ ಕೇಳಿದಾಗ ಉತ್ತರಕ್ಕೆ ಅರೆಗಳಿಗೆಯೂ ಹಿಡಿಯಲಿಲ್ಲ. "ಇನ್ನೊಬ್ಬರು ಮಾತನಾಡುವಾಗ ನಡುವೆ ಬಾಯಿ ಹಾಕಿ ತಿದ್ದುತ್ತೀರಿ" ಎಂದು ಬಂತು. ಎರಡನೆಯದು, ಲೆಕ್ಕ ಒಪ್ಪಿಸಲು ಒಂದು ದಿನ ನಿಗದಿಯಾಗಿರಬೇಕು. ಕಥೋಲಿಕರಿಗೆ ಪಾಪನಿವೇದನೆಯುಂಟು, ಸ್ವಲ್ಪ ದಿನದಲ್ಲಿ ತಪಸ್ಸು ಕಾಲವೂ ಬರುತ್ತದೆ. ಬೇರೆಯವರಿಗೆ ಏಕಾದಶಿಯಿರಬಹುದು, ಶುಕ್ರವಾರವಿರಬಹುದು. ಯಾವುದೂ ಇಲ್ಲದವರಿಗೆ ಒಬ್ಬ ಸ್ನೇಹಿತನಿದ್ದರೂ ಸಾಕು.

ಇದೆಲ್ಲ ತೀರ ಸಣ್ಣ ಸಂಗತಿಯೆಂದು ಕೆಲವರಿಗೆ ಅನ್ನಿಸಬಹುದು. ಆರನೆಯ ಪೌಲ್ ಪೋಪರು 1968ರಿಂದ ಜನವರಿ ಒಂದನ್ನು ವಿಶ್ವಶಾಂತಿಯ ದಿನವೆಂದು ಆಚರಿಸಲು ಕರೆಕೊಟ್ಟರು. ಲೋಕದ ಶಾಂತಿ ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದು ಒಂದು ಅಂಗಡಿಯ ಹೊಸ್ತಿಲು, ಒಂದು ತರಗತಿ, ಊಟದ ಮೇಜಿನ ಸುತ್ತಲಿನ ನಾಲ್ಕು ಮಂದಿ. ಅಷ್ಟರಲ್ಲಿ ಅಗೆಯಲು ಬೇಕಾದಷ್ಟು ನೆಲವಿದೆ.

ಹಳೆಯ ಡೈರಿಯ ಹಾಲಿನ ಲೆಕ್ಕ ಏಕೆ ತಪ್ಪಲಿಲ್ಲವೆಂದು ಈಗ ನಮಗೆ ಹೊಳೆಯುತ್ತದೆ. ಹಾಲಿನವಳು ದಿನವೂ ಬರುತ್ತಾಳೆ, ತಿಂಗಳ ಕೊನೆಗೆ ಲೆಕ್ಕ ಕೇಳುತ್ತಾಳೆ. ನಮ್ಮ ನಿರ್ಧಾರಗಳ ಲೆಕ್ಕ ಕೇಳುವವರು ಇರಲಿಲ್ಲ.

ಈ ವರ್ಷದ ಡೈರಿಯ ಮೊದಲ ಪುಟದಲ್ಲಿ ಒಂದೇ ಸಾಲು ಬರೆದಿದ್ದೇವೆ. ಕೆಳಗೆ ಗೆರೆಗಳನ್ನು ಎಳೆದಿದ್ದೇವೆ. ಮೊದಲ ದಿನದ ಗೆರೆಗಳ ಮೇಲೆ ಮಧ್ಯಾಹ್ನದೊಳಗೆ ನಾಲ್ಕು ಚುಕ್ಕೆ, ರಾತ್ರಿಯೊಳಗೆ ಏಳು. ಡೈರಿ ಅಡುಗೆಮನೆಯ ಕಿಟಕಿಯ ಬಳಿ, ಹಾಲಿನ ಲೆಕ್ಕದ ಪೆನ್ಸಿಲಿನ ಪಕ್ಕದಲ್ಲಿದೆ. ಚುಕ್ಕೆ ಇಡುವ ಕೆಲಸವನ್ನು ಮನೆಯಾಕೆಗೆ ವಹಿಸಿದ್ದೇವೆ.